ಕವಚದ ಒಳಗಿನ ಹೆಸರು

ತಾಂಡ್ಯ

ನಾನು ಜೀವನದಲ್ಲಿ ಒಂದೇ ಒಂದು ಸಲ ವಿದೇಶಕ್ಕೆ ಹೋಗಿ ಬಂದಿದ್ದೇನೆ. ನಂಜನಗೂಡಿನಲ್ಲಿ ನನ್ನನ್ನು 'ಲಂಡನ್ ಮಲ್ಲಣ್ಣ' ಎಂದು ಕರೆಯುವ ಜನ ಈಗಲೂ ಇದ್ದಾರೆ. ಲಂಡನ್ನಿನಲ್ಲಿ ನಾನು ಇದ್ದದ್ದು ವಿಮಾನ ಇಳಿದು ರೈಲು ಹತ್ತುವಷ್ಟು ಹೊತ್ತು ಮಾತ್ರ. ಆದರೂ ಹಾಗೆ ಕರೆದಾಗ ಬೇಡ ಅನ್ನುವುದಿಲ್ಲ. ಯಾಕೆ ಹೋಗಿದ್ದಿರಿ ಎಂದು ಯಾರಾದರೂ ಮುಂದಕ್ಕೆ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತೇನೆ. ಆ ಪ್ರವಾಸ ನೆನೆದರೆ ನನಗೆ ಮೊದಲು ಬರುವುದು ನಾಚಿಕೆ, ಆಮೇಲೆ ಮಿಕ್ಕಿದ್ದು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷ ಆಗಿತ್ತು. ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಫೈಬರ್ ಟ್ಯಾಂಕು, ಕುರ್ಚಿ, ಪಾರ್ಕಿನಲ್ಲಿಡುವ ಜಿಂಕೆ ಬೊಂಬೆ ಮಾಡುವ ಒಂದು ಸಣ್ಣ ಫ್ಯಾಕ್ಟರಿ. ಅದರಲ್ಲಿ ನಾನು ಮಾರ್ಕೆಟಿಂಗ್ ಮ್ಯಾನೇಜರು. ಒಂದು ದಿನ ಇಂಗ್ಲೆಂಡಿನಿಂದ ಒಂದು ಇ-ಮೇಲು ಬಂತು. ಅಲ್ಲಿ ಒಂದು ಊರಿನ ಜನ ಸೇರಿ ಸಂಘ ಮಾಡಿಕೊಂಡಿದ್ದಾರೆ. ಒಂದು ಸಿನಿಮಾದಲ್ಲಿ ಬರುವ ಸಿಪಾಯಿಗಳ ಹಾಗೆ ಎದೆಕವಚ, ತೋಳುಕವಚ, ಶಿರಸ್ತ್ರಾಣ ತೊಟ್ಟುಕೊಂಡು ಆಸ್ಪತ್ರೆಗಳಿಗೆ, ಶಾಲೆಗಳಿಗೆ ಹೋಗಿ ಮಕ್ಕಳನ್ನು ನಗಿಸುವುದು ಅವರ ಕೆಲಸ. ಸಿನಿಮಾದಲ್ಲಿದ್ದ ಹಾಗೇ ಕವಚ ಮಾಡಿಕೊಡುವ ನಂಬಿಕಸ್ಥರು ಅವರಿಗೆ ಬೇಕಾಗಿದ್ದರು. ಜತೆಗೆ ಫೋಟೋಗಳನ್ನು ಕಳಿಸಿದ್ದರು.

ಮಾಲೀಕರು ಫೋಟೋ ನೋಡಿ, "ಮಲ್ಲಣ್ಣ, ನಮ್ಮ ಕಡೆ ನಾಟಕದೋರು ಹಾಕ್ಕೊಳಲ್ವಾ, ಅದೇ ತಾನೆ ಇದು?" ಅಂದರು. ಅದೇ ಎಂದು ನನಗೂ ಅನ್ನಿಸಿತು. ಸೀದಾ ಹೆಮ್ಮಿಗೆಯ ಕೆಂಪಯ್ಯನ ಹತ್ತಿರ ಹೋದೆ.

ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಎಲ್ಲಿ ಪೌರಾಣಿಕ ನಾಟಕ ಆಡಿದರೂ ಕಿರೀಟ, ಭುಜಕೀರ್ತಿ, ಎದೆಕವಚ ಕೆಂಪಯ್ಯನದೇ. ಮೊದಲು ರದ್ದಿ ಪೇಪರನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಮಾಡುತ್ತಿದ್ದರು, ಆಮೇಲೆ ಫೈಬರ್ ಕಲಿತರು. ಫೋಟೋಗಳನ್ನು ಅಂಗಳದಲ್ಲಿ ಹರಡಿಕೊಂಡು ಹೊತ್ತು ಹೋದದ್ದೇ ಗೊತ್ತಾಗದ ಹಾಗೆ ನೋಡಿದರು. ಮಣ್ಣಿನಲ್ಲಿ ಅಚ್ಚು ತೆಗೆದು, ಫೈಬರ್ ಹಾಕಿ, ಒಳಗಡೆ ಹಳೆ ಪಂಚೆಯ ಮೆತ್ತನೆ ಬಟ್ಟೆ ಅಂಟಿಸಿ, ಎರಡು ತಿಂಗಳಲ್ಲಿ ಒಂದು ಪೂರ್ತಿ ಸೆಟ್ಟು ಮಾಡಿಕೊಟ್ಟರು. ಸಿನಿಮಾದವರು ನೋಡಿದ್ದರೆ ತಮ್ಮದನ್ನೇ ಯಾರೋ ಕದ್ದು ತಂದಿದ್ದಾರೆ ಅಂದುಕೊಳ್ಳಬೇಕು, ಹಾಗಿತ್ತು.

ಎದೆಕವಚದ ಒಳಗೆ ಎಡಗಡೆ ಕೆಂಪು ಬಣ್ಣದಲ್ಲಿ 'ಹೆಮ್ಮಿಗೆ ಕೆಂಪಯ್ಯ' ಎಂದು ಬರೆದಿತ್ತು. ಯಾಕೆ ಎಂದು ಕೇಳಿದೆ.

"ಸೋಮ್ನಾತ್‌ಪುರದ ಗುಡೀಲಿ ನೋಡಿದ್ದೀರಾ ಸಾ? ಕೆತ್ತಿದೋನು ವಿಗ್ರದ ಕೆಳಗೆ ಅವನ ಎಸ್ರು ಆಕವ್ನೆ. ನಾನು ಒಳ್ಗಡೆ ಆಕ್ತೀನಿ. ವರಗಡೆ ರಾಜಂದು, ಒಳ್ಗಡೆ ನಂದು."

ಸಂಘದಿಂದ ಇನ್ನೊಂದು ಇ-ಮೇಲು ಬಂತು. ಮಾದರಿಯನ್ನು ಪಾರ್ಸಲ್ ಕಳಿಸುವುದು ಬೇಡ, ಮಾಡಿದವರೇ ತರಬೇಕು, ಒಂದು ವಾರ ತಮ್ಮ ಜತೆ ಇರಬೇಕು ಎಂದಿತ್ತು. ಮಾಡಿದವರು ಎಂದರೆ ಕೆಂಪಯ್ಯ, ಅದರಲ್ಲಿ ಅನುಮಾನವೇ ಇರಲಿಲ್ಲ. ಮಾಲೀಕರಿಗೂ ಗೊತ್ತಿತ್ತು. ನಾನೇ ಅವರ ಕಿವಿ ಊದಿದೆ: ಕೆಂಪಯ್ಯನಿಗೆ ಪಾಸ್‌ಪೋರ್ಟ್ ಇಲ್ಲ, ಇಂಗ್ಲಿಷ್ ಬರುವುದಿಲ್ಲ, ಅಲ್ಲಿ ಹೋಗಿ ಏನು ಮಾತಾಡುತ್ತಾರೆ? ನನ್ನ ಹತ್ತಿರವೂ ಪಾಸ್‌ಪೋರ್ಟ್ ಇರಲಿಲ್ಲ ಎನ್ನುವುದನ್ನು ಹೇಳಲಿಲ್ಲ. ವಿಮಾನ ಹತ್ತುವ ಆಸೆ ನನಗೆ ಚಿಕ್ಕಂದಿನಿಂದ ಇತ್ತು.

"ಆಯ್ತು, ನೀನೇ ಹೋಗು. ಅಲ್ಲಿ ನಾವೇ ಮಾಡಿದ್ದು ಅಂತ ಹೇಳು," ಅಂದರು ಮಾಲೀಕರು.

ಕೆಂಪಯ್ಯನಿಗೆ ಹೇಳಿದಾಗ ಅವರಿಗೆ ಬೇಜಾರಾದ ಹಾಗೆ ಕಾಣಲಿಲ್ಲ. "ಓಗ್ಬುಟ್ ಬನ್ನಿ ಸಾ. ಅಲ್ಲಿನ ಚಳಿ ನಂಗೆ ಆಗಾಕಿಲ್ಲ," ಅಂದರು. ನಾನು ಬೈಕ್ ಹತ್ತಿದ ಮೇಲೆ ಹತ್ತಿರ ಬಂದು ಹ್ಯಾಂಡಲ್ ಹಿಡಿದುಕೊಂಡರು.

"ಒಳ್ಗಡೆ ನೋಡ್ತಾರಾ ಸಾ ಅವ್ರು?"

"ನೋಡಬಹುದು."

"ನೋಡಿದ್ರೆ, ಇದು ಎಮ್ಮಿಗೆ ಕೆಂಪಯ್ಯ ಮಾಡಿದ್ದು ಅಂತ ಒಂದ್ ಮಾತ್ ಏಳ್ಬುಡಿ. ಅಷ್ಟೇಯ."

"ಹೇಳ್ತೀನಿ ಬಿಡಿ ಕೆಂಪಯ್ಯ, ಅದೇನು ದೊಡ್ಡ ವಿಷಯ," ಅಂದೆ.

ಹೊರಡುವ ಹಿಂದಿನ ದಿನ ಫ್ಯಾಕ್ಟರಿಯಲ್ಲಿ ಪ್ಯಾಕ್ ಮಾಡುವಾಗ ಕವಚವನ್ನು ತಿರುಗಿಸಿ ನೋಡಿದೆ. ಎದೆ ಮತ್ತು ಬೆನ್ನಿನ ಭಾಗಗಳನ್ನು ಪಕ್ಕೆಯಲ್ಲಿ ಸೇರಿಸಲು ಕೆಂಪಯ್ಯ ಬಿಳಿ ಬಟ್ಟೆಯ ಲಾಡಿ ಇಟ್ಟಿದ್ದರು. ಪೈಜಾಮಕ್ಕೆ ಕಟ್ಟುವಂಥ ಲಾಡಿ. ಎರಡು ಭಾಗದ ಮಧ್ಯೆ ಮೂರು ಬೆರಳು ಸಂದು ಬೇರೆ. ವಿದೇಶಕ್ಕೆ ಪೈಜಾಮದ ಲಾಡಿ ತೆಗೆದುಕೊಂಡು ಹೋಗುವುದೆ? ಕತ್ತರಿ ತರಿಸಿ ನಾನೇ ಅಷ್ಟನ್ನೂ ಕತ್ತರಿಸಿದೆ. ಸಂದು ಮುಚ್ಚುವ ಹಾಗೆ ನೈಲಾನ್ ಬೆಲ್ಟು, ಬಕಲ್ ಇಡಿಸಿ ರಿವಿಟ್ ಹೊಡೆಸಿದೆ. ಈಗ ಎಕ್ಸ್‌ಪೋರ್ಟ್ ಮಾಲಿನ ಹಾಗೆ ಕಾಣುತ್ತದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಿಮಾನ ನಿಲ್ದಾಣಗಳು

ಮನೆಯವಳು ಪಾರ್ವತಮ್ಮ ಚಟ್ನಿಪುಡಿ, ನಿಪ್ಪಟ್ಟು, ವಿಭೂತಿ ಗಟ್ಟಿ ಎಲ್ಲ ಕಟ್ಟಿಕೊಟ್ಟಿದ್ದಳು. ಶಿರಸ್ತ್ರಾಣದ ಒಳಗೆ ಜಾಗ ಖಾಲಿ ಇದೆಯಲ್ಲ ಎಂದು ನಿಪ್ಪಟ್ಟಿನ ಡಬ್ಬಿಯನ್ನು ಅದರಲ್ಲಿ ತುರುಕಿದ್ದೆ. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ತಗಡಿನ ಟ್ರಂಕು ತೆರೆಸಿದ. ಮೇಲೇ ಒಂದು ತಲೆ, ತಲೆಯೊಳಗೆ ನಿಪ್ಪಟ್ಟು.

"ಇದೇನು?" ಎಂದ.

"ಡ್ರಾಮಾ ಡ್ರೆಸ್ಸು" ಎಂದೆ. ಅವನು ಎದೆಕವಚ ಎತ್ತಿ ಎರಡೂ ಕಡೆ ತಿರುಗಿಸಿ ನೋಡಿದ. ಬೆರಳಿನಲ್ಲಿ ತಟ್ಟಿದ. "ನೀವೇ ಮಾಡಿದ್ದಾ?" ಎಂದು ಕೇಳಿದ. ಅವನಿಗೆ ಹೇಳಿ ನನಗೆ ಆಗಬೇಕಾದದ್ದೇನೂ ಇರಲಿಲ್ಲ. ಆದರೂ "ಹೌದು" ಅಂದುಬಿಟ್ಟೆ. ಅವನು ಹೆಬ್ಬೆರಳು ಎತ್ತಿ ತೋರಿಸಿ ನಕ್ಕ. ಆ ನಗು ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಅಲ್ಲಿಂದ ರೈಲಿನಲ್ಲಿ ಕೂತು ಉತ್ತರದ ಕಡೆ ಹೋಗುವಷ್ಟರಲ್ಲಿ ನಾನೇ ಮಾಡಿದ್ದು ಎಂದು ನನಗೇ ಅರ್ಧ ನಂಬಿಕೆ ಬಂದಿತ್ತು.

ಆ ರೈಲಿನಲ್ಲಿ ಯಾರೂ ಯಾರನ್ನೂ ಯಾವ ಊರು ಎಂದು ಕೇಳುವುದಿಲ್ಲ. ನಮ್ಮ ನಂಜನಗೂಡಿನಿಂದ ಮೈಸೂರಿಗೆ ಹೋಗುವ ಗಾಡಿಯಲ್ಲಿ ಅಷ್ಟು ದೊಡ್ಡ ಟ್ರಂಕು ಇಟ್ಟುಕೊಂಡು ಕೂತರೆ ಕಡಕೊಳ ಬರುವ ಹೊತ್ತಿಗೆ ಒಳಗೇನಿದೆ ಎಂದು ಇಡೀ ಬೋಗಿಗೆ ಗೊತ್ತಾಗಿರುತ್ತದೆ. ಅಲ್ಲಿ ಎದುರಿಗೆ ಕೂತ ಮನುಷ್ಯ ನನ್ನ ಟ್ರಂಕು ಅವನ ಕಾಲಿಗೆ ತಗಲಿದಾಗಲೆಲ್ಲ ತಾನೇ 'ಸಾರಿ' ಅನ್ನುತ್ತಿದ್ದ. ನಾಲ್ಕು ಸಲ ಅಂದ.

ಮೇಡಂ ಮನೆ

ಊರಿನ ಹೆಸರು, ಅವರ ಹೆಸರು ಎರಡನ್ನೂ ಹೇಳುವುದಿಲ್ಲ. ನಾನು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆ. ಎಪ್ಪತ್ತರ ಹತ್ತಿರದ ಹೆಂಗಸು, ನರ್ಸ್ ಆಗಿದ್ದು ನಿವೃತ್ತರಾದವರು. ಸಂಘದವರಿಗೆ ಕವಚ ಮಾಡುವವರನ್ನು ಆರಿಸುವ ಜವಾಬ್ದಾರಿ ಅವರದು. ಒಬ್ಬರೇ ಇರುವ ಪುಟ್ಟ ಮನೆ, ಮರದ ಮೆಟ್ಟಿಲು, ಮೇಲೆ ನನಗೊಂದು ಕೋಣೆ.

ಮೊದಲ ದಿನವೇ ಒಂದು ಅವಾಂತರ ಮಾಡಿದೆ. ಬಚ್ಚಲುಮನೆಯಲ್ಲಿ ಎಲ್ಲ ಇತ್ತು, ಚೊಂಬು ಇರಲಿಲ್ಲ. ಕೆಳಗೆ ಅಡಿಗೆಮನೆಯಲ್ಲಿ ಹಿಡಿ ಇರುವ ಒಂದು ಪಿಂಗಾಣಿ ಜಗ್ಗು ಕಾಣಿಸಿತು, ಎತ್ತಿಕೊಂಡು ಹೋದೆ. ಊಟದ ಹೊತ್ತಿಗೆ ಮೇಡಂ ಬೀರು ಬೀರು ಹುಡುಕುತ್ತಿದ್ದರು. "ಆಲೂಗಡ್ಡೆಯ ಮೇಲೆ ಸಾರು ಸುರಿಯುವ ಜಗ್ಗು ಇಲ್ಲೇ ಇತ್ತಲ್ಲ," ಎಂದು ಗೊಣಗಿದರು. ನಾನು ನೆಲ ನೋಡಿದೆ. ಆಮೇಲೆ ಗುಟ್ಟಾಗಿ ಸೋಪು ಹಾಕಿ ನಾಲ್ಕು ಸಲ ತೊಳೆದು ಇದ್ದ ಜಾಗದಲ್ಲೇ ಇಟ್ಟೆ. ಆ ವಾರವಿಡೀ ಆಲೂಗಡ್ಡೆಯನ್ನು ಬರೀದೇ ತಿಂದೆ. ಅವರಿಗೆ ಹೇಳಬಹುದಾಗಿತ್ತು, ನಗುತ್ತಿದ್ದರೋ ಏನೋ. ಹೇಳದೆ ಇರುವುದು ನನಗೆ ಆಗಲೇ ಅಭ್ಯಾಸವಾಗುತ್ತಿತ್ತು.

ಊಟವಾದ ಮೇಲೆ ಮೇಜಿನ ಮೇಲೆ ಕಂಬಳಿ ಹಾಸಿ ಕವಚಗಳನ್ನು ಇಡಿಸಿದರು. ಹೊರಗಡೆ ಒಂದು ಕಣ್ಣು ಹಾಯಿಸಿದರು ಅಷ್ಟೆ. ತಕ್ಷಣ ಮಗುಚಿ ಹಾಕಿ, ಅಂಗೈ ಅಲ್ಲ, ಕೈಯ ಹಿಂಭಾಗವನ್ನು ಒಳಗೆಲ್ಲ ಆಡಿಸಿದರು. ಅಂಗೈ ದಪ್ಪ, ಅದಕ್ಕೆ ಚುಚ್ಚುವುದು ಗೊತ್ತಾಗುವುದಿಲ್ಲ ಎಂದು ಅವರ ಲೆಕ್ಕ.

"ಹೊರಗಡೆ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ನಾನು ಒಳಗಡೆ ನೋಡುತ್ತೇನೆ," ಅಂದರು.

ನನಗೆ ಹೆಮ್ಮಿಗೆಯ ಅಂಗಳ, ಬೈಕಿನ ಹ್ಯಾಂಡಲ್ ಹಿಡಿದ ಕೈ ನೆನಪಾಯಿತು.

ಅವರ ಹತ್ತಿರ ಒಂದು ನೋಟ್‌ಬುಕ್ಕು ಇತ್ತು. ಅದರಲ್ಲಿ ಕವಚ ಮಾಡುವವರ ಹೆಸರುಗಳು, ಹೆಚ್ಚಿನವುಗಳ ಮೇಲೆ ಗೀಟು. ಒಬ್ಬ ಕಳಿಸಿದ ಕವಚ ತಿಂಗಳಲ್ಲೇ ಸೀಳಿತ್ತು. ಇನ್ನೊಬ್ಬ ಬೇರೆ ಯಾರೋ ಮಾಡಿದ್ದರ ಫೋಟೋ ತೋರಿಸಿ ತನ್ನದು ಅಂದಿದ್ದ. "ಅದಕ್ಕೇ ಈಗ ಮಾಡಿದವರ ಕೈಯನ್ನೇ ನೋಡಬೇಕು ಅನ್ನುತ್ತೇನೆ," ಎಂದು ನಗುತ್ತಾ ನನ್ನ ಕೈ ನೋಡಿದರು. ಕೆಂಪಯ್ಯನ ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ. ನನ್ನ ಕೈಯಲ್ಲಿ ಮಾವ ಮಾಡಿಸಿಕೊಟ್ಟ ಉಂಗುರ. ಕೈಯನ್ನು ಕೋಟಿನ ಜೇಬಿಗೆ ಹಾಕಿದೆ.

ಆಗ ಅವರ ಬೆರಳು ಕೆಂಪಕ್ಷರದ ಮೇಲೆ ನಿಂತಿತು. "ಇದೇನು ಬರೆದಿದೆ?"

ಒಂದು ಮಾತು. ಅಷ್ಟೇ ಕೇಳಿದ್ದರು ಕೆಂಪಯ್ಯ. ಮಾಡಿದವನ ಹೆಸರು ಎಂದರೆ, ಹಾಗಾದರೆ ನೀವು ಯಾರು ಅನ್ನುತ್ತಾರೆ. ನನ್ನ ಹೆಸರು ಎನ್ನೋಣವೆಂದರೆ ನಾನು ಕೊಟ್ಟಿದ್ದ ವಿಸಿಟಿಂಗ್ ಕಾರ್ಡಿನಲ್ಲಿ ಅದು ಇಂಗ್ಲಿಷಿನಲ್ಲಿದೆ, ಇಷ್ಟು ಉದ್ದವೂ ಇಲ್ಲ. ಬಾಯಿಗೆ ಏನು ಬಂತೋ ಅದನ್ನು ಅಂದೆ:

"ಅದು ಆಶೀರ್ವಾದ ಮೇಡಂ. ತೊಟ್ಟವರಿಗೆ ಕೇಡಾಗದಿರಲಿ ಅಂತ ನಮ್ಮ ಕಡೆ ಬರೆಯುತ್ತೇವೆ."

ಮೇಡಂ ಕನ್ನಡಕ ತೆಗೆದರು. ಆ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದರು. ಸಂಜೆ ಸಂಘದ ಐದಾರು ಜನರನ್ನು ಕರೆಸಿ ಅವರಿಗೂ ತೋರಿಸಿದರು. ದಪ್ಪ ಹೊಟ್ಟೆಯ ಒಬ್ಬ ಲಾರಿ ಡ್ರೈವರು, ಶಾಲೆಯ ಒಬ್ಬಳು ಟೀಚರು, ಎಲ್ಲರೂ ಸರದಿ ನಿಂತು ಕೆಂಪಯ್ಯನ ಹೆಸರನ್ನು ಮುಟ್ಟಿ ಮುಟ್ಟಿ ನೋಡಿದರು. ಡ್ರೈವರು ಎದೆ ಮೇಲೆ ಕೈ ಇಟ್ಟುಕೊಂಡು ನನಗೆ ಥ್ಯಾಂಕ್ಸ್ ಅಂದ. ನಾನು ಮೇಡಂ ಕೊಟ್ಟ ಟೀ ಕುಡಿಯುತ್ತಾ ತಲೆ ಆಡಿಸಿದೆ.

ಆ ಟೀ ವಿಷಯವೂ ಹೇಳಬೇಕು. ಆ ಮನೆಯಲ್ಲಿ ಯಾರು ಏನು ತಿನ್ನುತ್ತಾರೆ, ಯಾವ ಪಾತ್ರೆಯಲ್ಲಿ ಏನು ಬೇಯಿಸುತ್ತಾರೆ ಎಂದು ನಾನು ಒಂದು ಸಲವೂ ವಿಚಾರಿಸಲಿಲ್ಲ. ಕೊಟ್ಟ ಕಪ್ಪನ್ನು ಇಸಿದುಕೊಂಡೆ, ಕುಡಿದೆ. ಹೆಮ್ಮಿಗೆಗೆ ಎರಡು ತಿಂಗಳಲ್ಲಿ ಹತ್ತಾರು ಸಲ ಹೋಗಿದ್ದೆ. ಕೆಂಪಯ್ಯನ ಹೆಂಡತಿ ಪ್ರತಿ ಸಲ ಬಾಗಿಲಲ್ಲಿ ನಿಂತು, "ಕಾಪಿ ಕುಡೀತೀರಾ ಬುದ್ದಿ?" ಎಂದು ಕೇಳುತ್ತಿದ್ದರು. ಪ್ರತಿ ಸಲ "ಈಗ ತಾನೆ ಆಯ್ತು ಕಣಮ್ಮ" ಅನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ಯಾಕೆ ಕುಡಿಯುತ್ತಿರಲಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು, ನಮ್ಮ ಕಡೆಯವರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಬಸ್ಸು ಮತ್ತು ಆಸ್ಪತ್ರೆ

ಮೂರನೇ ದಿನ ಮೇಡಂ ತಮ್ಮ ಪರೀಕ್ಷೆ ಏನೆಂದು ಹೇಳಿದರು. ಮಾಡಿದವರು ತಾವು ಮಾಡಿದ್ದನ್ನು ಬೆಳಿಗ್ಗೆಯಿಂದ ಸಂಜೆವರೆಗೆ ತೊಟ್ಟಿರಬೇಕು. ತೊಟ್ಟುಕೊಂಡೇ ಬಸ್ಸು ಹತ್ತಬೇಕು, ಆಸ್ಪತ್ರೆಗೆ ಬರಬೇಕು, ಊಟ ಮಾಡಬೇಕು. ತಾನು ತೊಡಲಾರದ್ದನ್ನು ಬೇರೆಯವರಿಗೆ ತೊಡಿಸುವವನನ್ನು ಅವರು ನಂಬುವುದಿಲ್ಲವಂತೆ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಎದೆಕವಚ ಮೊದಲು ಹಾಕಿದೆ, ಆಮೇಲೆ ಬಗ್ಗಿ ಕಾಲುಕವಚ ಕಟ್ಟಲು ಆಗಲಿಲ್ಲ. ಬಿಚ್ಚಿ ಕಾಲಿಂದ ಶುರು ಮಾಡಿದೆ. ಬಲತೋಳಿನದನ್ನು ಎಡಕ್ಕೆ ಹಾಕಿದೆ. ಮುಕ್ಕಾಲು ಗಂಟೆ ಒದ್ದಾಡಿ ಮೆಟ್ಟಿಲು ಇಳಿದು ಬಂದಾಗ ಮೇಡಂ ಉಲ್ಟಾ ಆಗಿದ್ದ ಮಂಡಿಕವಚವನ್ನು ಬಗ್ಗಿ ತಿರುಗಿಸಿ ಸರಿಮಾಡಿದರು.

ಬಸ್ಸಿನಲ್ಲಿ ನನ್ನ ಜತೆ ಲಾರಿ ಡ್ರೈವರೂ ಟೀಚರೂ ತಮ್ಮ ಹಳೆಯ ಕವಚ ತೊಟ್ಟು ಬಂದಿದ್ದರು. ಅವರು ಕೂತರು. ನಾನು ಕೂರಲು ಹೋದರೆ ಬೆಲ್ಟು ಬಿಗಿದು ಕವಚದ ಅಂಚು ಗಂಟಲಿಗೆ ಬಂತು. ಕಂಬಿ ಹಿಡಿದು ನಿಂತೇ ಹೋದೆ. ಇಡೀ ಬಸ್ಸಿನಲ್ಲಿ ಒಬ್ಬರೂ ನನ್ನತ್ತ ತಿರುಗಲಿಲ್ಲ. ಒಬ್ಬ ಅಜ್ಜಿ ಮಾತ್ರ ಪೇಪರಿನಿಂದ ತಲೆ ಎತ್ತಿ, ಇವತ್ತು ಮಳೆ ಬರಬಹುದು ಎಂದು ಸಿಪಾಯಿ ವೇಷದ ನನಗೆ ಹೇಳಿ ಮತ್ತೆ ಪೇಪರಿಗೆ ಹೋದಳು. ನಮ್ಮ ನರಸೀಪುರದ ಬಸ್ಸಾಗಿದ್ದರೆ ಕಂಡಕ್ಟರೇ ಮೊದಲು, "ಏನ್ ಸಾ, ಯಾವೂರ್ ನಾಟ್ಕ? ಯಾವ್ ಪಾತ್ರ?" ಎಂದು ಶುರು ಮಾಡಿ, ಇಳಿಯುವಷ್ಟರಲ್ಲಿ ಎರಡು ಪದ ಹಾಡಿಸಿಯೇ ಬಿಡುತ್ತಿದ್ದ. ಆ ದಿನ ಹಾಗೆ ಯಾರೂ ಕೇಳದೇ ಇದ್ದದ್ದು ನನ್ನ ಪುಣ್ಯ ಎಂದುಕೊಂಡೆ.

ಮಕ್ಕಳ ವಾರ್ಡಿನಲ್ಲಿ ಆ ಪುಣ್ಯವೂ ಮುಗಿಯಿತು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಒಂದು ಪುಟ್ಟ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಹಾಡ್ತೀಯಾ?" ಎಂದಳು. ನಮ್ಮೂರ ನಾಟಕದಲ್ಲಿ ನಾನೂ ಒಮ್ಮೆ ದೂತನ ಪಾತ್ರ ಮಾಡಿದ್ದವನು. ಇವರಿಗೆ ತೋರಿಸೋಣ ಎಂದು ಕತ್ತೆತ್ತಿ, ಉಸಿರು ಎಳೆದುಕೊಂಡು, ದೊಡ್ಡ ದನಿಯಲ್ಲಿ ಎತ್ತಿದೆ. ಎದೆ ಉಬ್ಬಲು ಜಾಗವಿರಲಿಲ್ಲ. ನೈಲಾನ್ ಬೆಲ್ಟು ಬಿಟ್ಟುಕೊಡಲಿಲ್ಲ, ರಿವಿಟ್ಟೂ ಬಿಟ್ಟುಕೊಡಲಿಲ್ಲ. ಕವಚದ ಅಂಚು ಕಂಕುಳ ಕೆಳಗೆ ಕಚಕ್ಕನೆ ಒಳಗೆ ಹೋಯಿತು. ದನಿ ಅರ್ಧಕ್ಕೆ ನಿಂತಿತು. ಹುಡುಗಿ ಚಪ್ಪಾಳೆ ತಟ್ಟಿದಳು, ಅದು ಹಾಡಿನ ಭಾಗ ಎಂದುಕೊಂಡಿರಬೇಕು. ನನ್ನ ಬಿಳಿ ಬನಿಯನ್ನಿನಲ್ಲಿ ರಕ್ತ ಇಳಿಯುತ್ತಿತ್ತು.

ಮೇಡಂ ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಬಕಲ್ ಬಿಚ್ಚಿ, ಗಾಯ ಒರೆಸಿ ಪಟ್ಟಿ ಹಚ್ಚಿದರು. ಆಮೇಲೆ ಕವಚವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಬಟ್ಟೆಯ ಲಾಡಿಯ ಮೊಂಡು ತುದಿಗಳು ಇನ್ನೂ ಅಂಟಿಕೊಂಡಿದ್ದವು.

"ಇಲ್ಲಿ ಕಟ್ಟಲು ಬಟ್ಟೆ ಇತ್ತು. ಯಾರೋ ಕತ್ತರಿಸಿದ್ದಾರೆ."

"ನಾನೇ ಮೇಡಂ."

"ನೀವೇ ಇಟ್ಟು, ನೀವೇ ಕತ್ತರಿಸಿದಿರಾ?"

"ಹೌದು."

"ಮೊದಲು ಯಾಕೆ ಇಟ್ಟಿದ್ದಿರಿ?"

ಬೇಕಾದರೆ ನಂಬಿ, ಆ ಪ್ರಶ್ನೆಗೆ ನನಗೆ ನಿಜವಾಗಿ ಉತ್ತರ ಗೊತ್ತಿರಲಿಲ್ಲ. ವಾರಕ್ಕೊಂದೆರಡು ಸಲ ಹೆಮ್ಮಿಗೆಗೆ ಹೋಗಿ ಎಷ್ಟು ಆಯಿತು, ಯಾವಾಗ ಆಗುತ್ತದೆ ಎಂದು ಕೇಳಿದ್ದೆನೇ ಹೊರತು, ಯಾಕೆ ಹೀಗೆ ಎಂದು ಒಂದು ದಿನವೂ ಕೇಳಿರಲಿಲ್ಲ. "ಬಕಲ್ ಚೆನ್ನಾಗಿ ಕಾಣುತ್ತದೆ ಅಂತ..." ಎಂದು ತೊದಲಿದೆ. ಮೇಡಂ ಮೊಂಡು ತುದಿಗಳನ್ನು ಬೆರಳಿನಲ್ಲಿ ಹಿಡಿದು, ಮೊದಲು ಇದ್ದಿರಬಹುದಾದ ಸಂದನ್ನು ಅಳೆದು ನೋಡಿ, ತಮ್ಮಷ್ಟಕ್ಕೆ "ಉಸಿರಾಡಲು" ಅಂದರು. ಗಾಯಕ್ಕಿಂತ ಆ ಮಾತು ಹೆಚ್ಚು ಉರಿಯಿತು.

ನೋಟ್‌ಬುಕ್ಕು

ಹೊರಡುವ ದಿನ ಬೆಳಿಗ್ಗೆ ಮೇಡಂ ಆ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟು ಪೆನ್ನು ಕೊಟ್ಟರು. ಹೊಸ ಪುಟದಲ್ಲಿ ಅವರೇ ನೀಟಾಗಿ, ಮಾದರಿ ತುಂಬ ಚೆನ್ನಾಗಿದೆ, ಬಟ್ಟೆಯ ಕಟ್ಟು ಮೊದಲಿನಂತೆ ಇಡಬೇಕು ಎಂದು ಬರೆದಿದ್ದರು. ಅದರ ಕೆಳಗೆ 'ಮಾಡಿದವರು' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದರು.

"ಇದನ್ನು ಮಾಡಿದವರ ಹೆಸರು. ನಿಮ್ಮ ಕೈಯಲ್ಲೇ ಬರೆಯಿರಿ," ಅಂದರು. ಹೇಳಿ ಅಡಿಗೆಮನೆಗೆ ಹೋದರು. ನಾನು ಬರೆಯುವುದನ್ನು ನೋಡುತ್ತಾ ನಿಲ್ಲಲಿಲ್ಲ.

ಈಗ ಅನ್ನಿಸುತ್ತದೆ, ಅವರಿಗೆ ಎಲ್ಲ ಗೊತ್ತಿತ್ತು, ನನಗೆ ಇನ್ನೊಂದು ಅವಕಾಶ ಕೊಟ್ಟರು ಎಂದು. ಗೊತ್ತಿರಲಿಲ್ಲವೋ ಏನೋ, ಅದನ್ನು ನಾನು ತಿಳಿಯಲಾರೆ. ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಮಾಲೀಕರು ಐದು ಸಾವಿರ ಮೈಲಿ ದೂರ. ಯಾರ ಹೆದರಿಕೆಯೂ ಇರಲಿಲ್ಲ. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು, ನನ್ನ ಹೆಸರು ಬರೆದೆ.

ಮೇಡಂ ಬಂದು ಓದಿದರು. ಪುಸ್ತಕ ಮುಚ್ಚಿದರು. ರೈಲಿನಲ್ಲಿ ತಿನ್ನಲು ಬ್ರೆಡ್ಡಿನ ಪೊಟ್ಟಣ ಕೊಟ್ಟು, ಬಾಗಿಲವರೆಗೆ ಬಂದು, ಗಾಯವನ್ನು ಎರಡು ದಿನ ನೆನೆಸಬೇಡಿ ಎಂದರು.

ಹೆಮ್ಮಿಗೆ

ಬಂದ ಮಾರನೆಯ ವಾರ ಹೆಮ್ಮಿಗೆಗೆ ಹೋದೆ. ಕೆಂಪಯ್ಯ ಒಂದು ಕಿರೀಟಕ್ಕೆ ಮಣಿ ಅಂಟಿಸುತ್ತಾ ಕೂತಿದ್ದವರು ಎದ್ದು ಬಂದರು. ವಿಮಾನ ಹೇಗಿತ್ತು, ಚಳಿ ಹೇಗಿತ್ತು ಎಂದು ಕೇಳಲಿಲ್ಲ.

"ಒಳ್ಗಡೆ ನೋಡಿದ್ರಾ ಸಾ?"

"ನೋಡಿದ್ರು."

"ಏಳಿದ್ರಾ?"

"ಹೇಳ್ದೆ."

ಅಷ್ಟಕ್ಕೆ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ತಿಂಗಳೊಳಗೆ ಸಂಘದಿಂದ ಆರ್ಡರು ಬಂತು, ಒಂದು ಷರತ್ತಿನ ಜತೆ. ಎಲ್ಲ ಕವಚಗಳ ಒಳಗೂ ಎಡಗಡೆ ಆ ಆಶೀರ್ವಾದವನ್ನು ಅದೇ ಕೆಂಪು ಬಣ್ಣದಲ್ಲಿ, ಅದೇ ಅಕ್ಷರದಲ್ಲಿ ಬರೆಯಬೇಕು. ಮತ್ತೆ ಹೆಮ್ಮಿಗೆಗೆ ಹೋಗಿ ಹೇಳಬೇಕಾಯಿತು.

"ಎಲ್ಲದರಲ್ಲೂ ನಿಮ್ಮ ಹೆಸರು ಬರೀಬೇಕಂತೆ ಕೆಂಪಯ್ಯ."

ಅವರು ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಲೇ ಇವ್ಳೆ, ಬಾ ಇಲ್ಲಿ. ಇಂಗ್ಲೆಂಡ್ನೋರಿಗೆ ನನ್ನೆಸ್ರು ಬೇಕಂತೆ ಕಣೇ!" ಮತ್ತೆ ನನ್ನ ಕಡೆ ತಿರುಗಿ, "ಅವ್ರಿಗೆ ಕನ್ನಡ ಓದಕ್ ಬತ್ತದಾ ಸಾ?" ಎಂದರು.

"ಇಲ್ಲ. ನಾನು ಓದಿ ಹೇಳಿದೆ."

"ದೊಡ್ಡೋರು ಸಾ ನೀವು," ಅಂದರು ಕೆಂಪಯ್ಯ. ಲಾಡಿ ಮೊದಲಿನಂತೆ ಇಡಬೇಕು ಎಂದಾಗ, ಅದಕ್ಕೇನಾಗಿತ್ತು ಎಂದು ಕೇಳಿದರು. ಏರ್‌ಪೋರ್ಟಿನ ಕಸ್ಟಮ್ಸ್‌ನವರು ಚೆಕ್ ಮಾಡುವಾಗ ಕುಯ್ದು ಹಾಕಿದರು ಎಂದೆ. ಹೇಳಿದ್ದಕ್ಕೆ ಸೇರಿಸಿಕೊಂಡು ಹೋಗುವುದು ಅಷ್ಟು ಸಲೀಸಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಕಾಪಿ ಕುಡೀತೀರಾ ಎಂದರು. ಆ ದಿನ ಕುಡಿಯುತ್ತೇನೆ ಎಂದೆ. ಸ್ಟೀಲ್ ಲೋಟ ತೊಳೆದು, ಒರೆಸಿ, ಮತ್ತೆ ತೊಳೆದು ತಂದರು. ಕೆಂಪಯ್ಯ ಅದನ್ನು ನೋಡಿ ಕಣ್ಣಿನಲ್ಲಿ ನೀರು ತಂದುಕೊಂಡರು. ಅವರು ಯಾವ ಸಂತೋಷಕ್ಕೆ ಅಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆ ಕಾಫಿಯಷ್ಟು ಕಷ್ಟಪಟ್ಟು ನಾನು ಯಾವುದನ್ನೂ ಕುಡಿದಿಲ್ಲ.

ಒಂದು ವರ್ಷದ ಮೇಲೆ ಸಂಘದವರು ಫೋಟೋ ಕಳಿಸಿದರು. ಎಲ್ಲರೂ ಕವಚ ತೊಟ್ಟು ಸಾಲಾಗಿ ನಿಂತಿದ್ದಾರೆ, ನಡುವೆ ಮೇಡಂ. ಕೆಂಪಯ್ಯ ಅದಕ್ಕೆ ನರಸೀಪುರದಲ್ಲಿ ಕಟ್ಟು ಹಾಕಿಸಿ ಜಗುಲಿಯ ಗೋಡೆಗೆ ತೂಗುಹಾಕಿದರು. ನಾಟಕದವರು ಯಾರೇ ಬರಲಿ, ಅದರ ಮುಂದೆ ನಿಲ್ಲಿಸಿ, "ಒಬ್ಬೊಬ್ರ ಎದೇಲೂ ನನ್ನೆಸ್ರು ಅದೆ. ನಮ್ ಮಲ್ಲಣ್ಣೋರು ಓಗಿ ಏಳ್ಬುಟ್ ಬಂದ್ರು," ಎನ್ನುತ್ತಾರೆ. ನಾನು ಜತೆಯಲ್ಲಿದ್ದರೆ ನನ್ನ ಭುಜ ತಟ್ಟುತ್ತಾರೆ.

ಅದನ್ನು ಕೇಳಿ ಕೇಳಿ ಇನ್ನು ಆಗುವುದಿಲ್ಲ ಅನ್ನಿಸಿದ ಮೇಲೆ ಇದನ್ನು ಬರೆಯಲು ಕೂತೆ. ಇಲ್ಲಿಯವರೆಗೆ ಬರೆದು, ಹೋದ ಭಾನುವಾರ ಕಾಗದಗಳನ್ನು ಜೇಬಿನಲ್ಲಿಟ್ಟುಕೊಂಡು ಹೆಮ್ಮಿಗೆಗೆ ಹೋದೆ. ಪತ್ರಿಕೆಯಲ್ಲಿ ಬರುವ ಮೊದಲು ಅವರು ಕೇಳಬೇಕಿತ್ತು. ಅಂಗಳದ ಹೊಂಗೆಮರದ ಕೆಳಗೆ ಕೂತು ಮೊದಲಿನಿಂದ ಓದಿದೆ. ತಲೆಯಲ್ಲಿ ನಿಪ್ಪಟ್ಟು ಇಟ್ಟ ಕಡೆ ಅವರು ನಕ್ಕರು. ಆಶೀರ್ವಾದ ಎಂದ ಕಡೆ ನಗು ನಿಂತಿತು. ನೋಟ್‌ಬುಕ್ಕಿನ ಕಡೆ ಬಂದಾಗ ತಲೆ ಎತ್ತಿ ನೋಡುವ ಧೈರ್ಯ ನನಗಿರಲಿಲ್ಲ, ಓದುತ್ತಲೇ ಹೋದೆ. ಮುಗಿಸಿ, ಮೇಡಂಗೆ ಕಳಿಸಲೆಂದು ನಿಜ ಬರೆದಿದ್ದ ಕಾಗದವನ್ನೂ ತೆಗೆದು ಮುಂದೆ ಇಟ್ಟೆ. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೆಂಪಯ್ಯ ಕಾಗದ ಮುಟ್ಟಲಿಲ್ಲ. ಗೋಡೆಯ ಫೋಟೋ ಕಡೆ ಒಮ್ಮೆ ನೋಡಿದರು. ಹೆಸರಿನ ಮಾತನ್ನೇ ಎತ್ತಲಿಲ್ಲ.

"ಅಂಗಾರೆ ಲಾಡಿ ಕುಯ್ದಿದ್ದು ಕಸ್ಟಮ್ಸ್ನೋರಲ್ವಾ ಸಾ? ನೀವೇಯಾ?"

"ನಾನೇ ಕೆಂಪಯ್ಯ."

ಅವರು ನನ್ನ ಕಂಕುಳ ಕಡೆ, ಆ ಗಾಯ ಇದ್ದ ಜಾಗಕ್ಕೆ, ಕೈ ತೋರಿಸಿದರು.

"ಆಡೋವಾಗ ಉಸ್ರಿಗೆ ಜಾಗ ಬೇಕು ಅಂತ ಮಡಗಿದ್ದೆ ಸಾ ಅದ್ನ. ನನ್ನ ಒಂದ್ ಮಾತ್ ಕೇಳಿದ್ರೆ ಏಳ್ತಿದ್ನಲ್ಲ."